ಆನೆಯ ಮೇಲಿನ ದರ್ಜಿ

ನಮ್ಮ ಊರಿನಲ್ಲಿ ಎರಡು ಇಸ್ಪೀಟು ಕಟ್ಟುಗಳನ್ನು ಮುಖಕ್ಕೆ ಮುಖ ಇಟ್ಟು ಮಲಗುವವರನ್ನು ತಿಳಿಗೇಡಿಗಳು ಎನ್ನುತ್ತಾರೆ. ಬೆಳಗಾಗುವುದರೊಳಗೆ ಒಂದು ಎಲೆಯ ಚಿತ್ರದಲ್ಲಿದ್ದವರು ಇನ್ನೊಂದು ಎಲೆಗೆ ದಾಟಿಕೊಂಡಿರುತ್ತಾರೆ. ಎಲ್ಲರೂ ದಾಟುವುದಿಲ್ಲ, ಮನಸ್ಸಿದ್ದವರು ಮಾತ್ರ. ಎದುರು ಮನೆಯ ವೆಂಕಟಾಚಲಯ್ಯನವರ ಕಳಾವರ್ ಗುಲಾಮ ಹೀಗೆಯೇ ಒಂದು ರಾತ್ರಿ ಮೊಮ್ಮಗಳು ಆಡುವ ಹಣ್ಣಿನ ಚಿತ್ರದ ಎಲೆಗಳಿಗೆ ಹೋಗಿ ಹಲಸಿನ ಮರದ ಕೆಳಗೆ ಕೂತುಬಿಟ್ಟ. ಈ ಮೀಸೆಯವನು ಯಾರು ಎಂದು ಮಗು ಕೇಳಿದರೆ, ತೋಟ ಕಾಯುವವನು ಎಂದು ಅದರ ತಾಯಿ ಹೇಳಿಕೊಟ್ಟಳು. ಆ ಮಗು ಈಗ ಮದುವೆಯಾಗಿ ಬೇರೆ ಊರಿನಲ್ಲಿದೆ. ಹಲಸಿನ ಮರ ಕಂಡರೆ ಈಗಲೂ ಆ ಮೀಸೆಯವನನ್ನು ಹುಡುಕುತ್ತದಂತೆ.

ಹೀಗಾಗಿ ನಮ್ಮಲ್ಲಿ ಕ್ಲಬ್ಬಿನಲ್ಲಿ ಆಟಕ್ಕೆ ಕೂರುವ ಮೊದಲು ಎಲೆಯವರ ಹಾಜರಿ ತೆಗೆದುಕೊಳ್ಳುತ್ತಾರೆ. ಮನೆಗಳಲ್ಲಿ ಕಟ್ಟಿಗೂ ಕಟ್ಟಿಗೂ ನಡುವೆ ಎಣ್ಣೆ ಕಾಗದ ಇಡುತ್ತಾರೆ. ಹೊರಗಿನಿಂದ ಬಂದ ವ್ಯಾಪಾರಿಗಳು ಇದನ್ನು ಕೇಳಿ ನಗುತ್ತಾರೆ. ನಾವೂ ಅವರ ಜೊತೆ ಒಂದಿಷ್ಟು ನಕ್ಕು, ಅವರು ಹೋದ ಮೇಲೆ ಕಾಗದ ಸರಿಯಾಗಿದೆಯೇ ನೋಡಿಕೊಳ್ಳುತ್ತೇವೆ.

ನಾನು ಹಳೆಯ ಎಲೆಗಳನ್ನು ಕೂಡಿಸಿಡುವವನು. ಹೆಸರು ನರಹರಿ. ನೀರು ಕಂದಾಯದ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ, ಮದುವೆಯಾಗಲಿಲ್ಲ, ಮಾಡಿಕೋ ಎಂದು ಯಾರೂ ಜೋರು ಮಾಡಲೂ ಇಲ್ಲ. ಗಂಡ ತೀರಿಕೊಂಡ ಮೇಲೆ ನಮ್ಮ ಭಾಗೀರಥಕ್ಕ ಒಂದು ಟ್ರಂಕು ಹಿಡಿದುಕೊಂಡು ಬಂದು ನನ್ನ ಮನೆ ಸೇರಿದಳು. ಬೇರೆ ಊರುಗಳಲ್ಲಿ ಎಲೆ ಎಷ್ಟು ಹಳೆಯದು, ಬಣ್ಣ ಎಷ್ಟು ಉಳಿದಿದೆ ಎಂದು ನೋಡುತ್ತಾರಂತೆ. ನಮ್ಮಲ್ಲಿ ಹಾಗಲ್ಲ. ಇರಬೇಕಾದವರು ಇರಬೇಕಾದ ಕಡೆ ಇದ್ದಾರೆಯೇ ಎಂಬುದೇ ಮೊದಲ ಪ್ರಶ್ನೆ. ನೂರಾರು ವರ್ಷ ಕೈಯಿಂದ ಕೈಗೆ ಹೋದ ಕಟ್ಟಿನಲ್ಲಿ ಒಬ್ಬರೂ ಮನೆ ಬಿಟ್ಟು ಹೋಗಿಲ್ಲ ಎಂದರೆ ಅದಕ್ಕೆ ನಾವು ನಿಂತು ಕೈಮುಗಿಯುತ್ತೇವೆ.

ನನ್ನ ಹತ್ತಿರ ಒಂದು ಹಳೆಯ ಗಂಜೀಫ ಕಟ್ಟು ಇದೆ. ದುಂಡನೆಯ ಎಲೆಗಳು, ಮೇಲೆ ಅರಗಿನ ಹೊಳಪು, ಇಸ್ಪೀಟಿನಲ್ಲಿ ಆಟೀನು, ಕಳಾವರ್ ಇದ್ದ ಹಾಗೆ ಇದರಲ್ಲಿ ಆನೆ ಮೊದಲಾದ ಬಣ್ಣಗಳು, ಒಂದೊಂದು ಬಣ್ಣಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಮಿಕ್ಕವು ಎಣಿಕೆಯ ಎಲೆಗಳು. ಒಂದು ಹಳೆಯ ಮಠದ ಅಟ್ಟದಿಂದ ಅದನ್ನು ತರಲು ನಾನು ಬಹಳ ವರ್ಷ ಅಲೆದಿದ್ದೆ. ಅಷ್ಟೆಲ್ಲ ಅಲೆದು ತಂದ ಮೇಲೆ ನೋಡಿದರೆ, ಆನೆ ಬಣ್ಣದ ಮಂತ್ರಿ ಇಲ್ಲ. ಎಲೆ ಇದೆ, ಆನೆ ಇದೆ, ಆನೆಯ ಬೆನ್ನಿನ ಮೇಲೆ ಇಳಿಬಿದ್ದ ಕೆಂಪು ಜರತಾರಿ ಜೂಲು ಇದೆ, ಅಂಬಾರಿ ಇದೆ. ಅಂಬಾರಿಯಲ್ಲಿ ಕೂರುವವನು ಮಾತ್ರ ನಮ್ಮ ತಾತಂದಿರಿಗೂ ಹಿಂದೆ ಯಾವುದೋ ಮನೆಯಲ್ಲಿ ಯಾರದೋ ಕಟ್ಟಿಗೆ ಎದ್ದು ಹೋಗಿದ್ದಾನೆ. ಯುಗಾದಿಯ ಮಾರನೆಯ ದಿನ ಸಂಗ್ರಾಹಕರ ಕೂಟದವರು ತುಂಬಿದ ಕಟ್ಟುಗಳನ್ನು ಮಾತ್ರ ಬಿಳಿ ಬಟ್ಟೆಯ ಮೇಲೆ ಹರಡುತ್ತಾರೆ. ನಾನು ಪ್ರತಿ ವರ್ಷ ಅಲ್ಲಿಗೆ ಹೋಗುತ್ತೇನೆ, ಬೇರೆಯವರ ಎಲೆಗಳನ್ನು ಹೊಗಳುತ್ತೇನೆ, ಕೋಸಂಬರಿ ತಿಂದು ವಾಪಸ್ಸು ಬರುತ್ತೇನೆ.

ಇಂದುಮತಿ ಟೀಚರು ತಮ್ಮ ಕಸುಬಿನ ಎಲೆಗಳನ್ನು ನಮ್ಮ ಮನೆಗೆ ತಂದದ್ದು ಯುಗಾದಿಗೆ ಇನ್ನೂ ಕೆಲವು ವಾರ ಇರುವಾಗ. ಆ ಎಲೆಗಳನ್ನು ಊರಿನಲ್ಲಿ ಆಡದವರಿಲ್ಲ. ಶಾಲೆಗೆ ಸೇರಿದ ಹೊಸತರಲ್ಲಿ, ಮಕ್ಕಳಿಗೆ ಕಸುಬುಗಳ ಹೆಸರು ಬರಲೆಂದು, ಹಳೆಯ ಲಗ್ನಪತ್ರಿಕೆಗಳ ರಟ್ಟಿನ ಮೇಲೆ ಅವರೇ ಬರೆದದ್ದು. ಒಂದು ಕಸುಬಿಗೆ ನಾಲ್ಕು ಎಲೆ: ಕೆಲಸ ಮಾಡುವವನು, ಅವನ ಹೆಂಡತಿ, ಅವನ ಸಲಕರಣೆ, ಅವನು ಮಾಡಿದ ವಸ್ತು. ನಾಲ್ಕನ್ನೂ ಕೇಳಿ ಕೇಳಿ ಒಟ್ಟು ಸೇರಿಸಿದವರು ಗೆದ್ದ ಹಾಗೆ. ಮುಖಗಳೆಲ್ಲ ನಮ್ಮೂರಿನವರದೇ. ಕುಂಬಾರ ನಮ್ಮ ಕುಂಬಾರನೇ, ಕ್ಷೌರಿಕ ನಮ್ಮ ಕ್ಷೌರಿಕನೇ. ಹೊಟ್ಟೆ ದಪ್ಪ ಬರೆದಿದ್ದಾರೆಂದು ಅವನು ಟೀಚರ ಜೊತೆ ಮಾತು ಬಿಟ್ಟಿದ್ದ. ದರ್ಜಿಯ ಎಲೆಯಲ್ಲಿದ್ದದ್ದು ಟೀಚರ ಗಂಡ ವಿಠೋಬ. ದರ್ಜಿಯ ಹೆಂಡತಿಯ ಎಲೆಯಲ್ಲಿ ಬೇರೆ ಯಾರನ್ನು ಬರೆಯಲಾದೀತು, ತಮ್ಮನ್ನೇ ಬರೆದುಕೊಂಡಿದ್ದರು: ಹೊಸಿಲ ಮೇಲೆ ನಿಂತ ಚಿಕ್ಕ ಪ್ರಾಯದ ಹೆಂಗಸು, ಕೈಯಲ್ಲಿ ಒಂದು ಪುಸ್ತಕ.

ವಿಠೋಬ ತೀರಿಕೊಂಡು ಕೆಲವು ವರ್ಷವಾಗಿತ್ತು. ಫೋಟೋ ತೆಗೆಸಿಕೊಳ್ಳುವುದೆಂದರೆ ಆ ಮನುಷ್ಯನಿಗೆ ಆಗುತ್ತಿರಲಿಲ್ಲ. ಮದುವೆಯ ಫೋಟೋದಲ್ಲೂ ಕತ್ತು ತಿರುಗಿಸಿದ್ದಾನೆ, ಕಿವಿ ಮಾತ್ರ ಚೆನ್ನಾಗಿ ಬಿದ್ದಿದೆ. ಟೀಚರಿಗೆ ಗಂಡನ ಮುಖ ಎಂದು ಉಳಿದದ್ದು ಆ ರಟ್ಟಿನ ಎಲೆ ಒಂದೇ. ಶಾಲೆಯಿಂದ ನಿವೃತ್ತರಾದ ಮೇಲೆ ಎಲೆಗಳ ಅಂಚು ಬಿಟ್ಟುಕೊಂಡಿರುವುದು ಕಣ್ಣಿಗೆ ಬಿದ್ದು, ಸರಿಮಾಡಿಸಲು ನನ್ನಲ್ಲಿಗೆ ತಂದಿದ್ದರು.

ಆ ದಿನ ನಾನು ಇರಲಿಲ್ಲ, ಪಕ್ಕದ ಊರಿಗೆ ಮದುವೆಗೆ ಹೋಗಿದ್ದೆ. ಮೇಜಿನ ಮೇಲೆ ಇಟ್ಟು ಹೋಗಿ ಎಂದು ಅಕ್ಕ ಹೇಳಿದ್ದಾಳೆ. ಮೇಜಿನ ಮೇಲೆ ಆನೆ ಎಲೆ ಅರಗು ಹಚ್ಚಿಸಿಕೊಂಡು, ಒಣಗಿ, ಮುಖ ಮೇಲಾಗಿ ಬಿದ್ದಿತ್ತು. ಅಕ್ಕನೂ ನೋಡಿದ್ದಾಳೆ, ಟೀಚರೂ ನೋಡಿದ್ದಾರೆ. ಇಬ್ಬರೂ ಈ ಊರಿನಲ್ಲೇ ಹುಟ್ಟಿ ಬೆಳೆದವರು, ತುಂಬಿದ ಎಲೆಯಾಗಿದ್ದರೆ ಹತ್ತಿರ ಇಡುತ್ತಲೂ ಇರಲಿಲ್ಲ. ಆದರೆ ಇದು ಖಾಲಿ. ಎದ್ದು ಬರಲು ಅಲ್ಲಿ ಯಾರಿದ್ದಾರೆ? ಖಾಲಿ ಎಲೆಗೆ ಹೆದರಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಟೀಚರು ಕಸುಬಿನ ಕಟ್ಟನ್ನು ಅದರ ಮೇಲೆ ಬೋರಲಾಗಿ ಇಟ್ಟು, ಕಾಫಿ ಕುಡಿದು ಹೋಗಿದ್ದಾರೆ. ಕಟ್ಟಿನ ಮೊದಲ ಎಲೆ, ಯಾವಾಗಲೂ ಅವರು ಮೇಲಿಟ್ಟುಕೊಳ್ಳುತ್ತಿದ್ದ ಎಲೆ, ದರ್ಜಿ.

ಬೆಳಿಗ್ಗೆ ಬಂದು ಕಟ್ಟು ಎತ್ತಿದೆ. ಅಂಬಾರಿಯಲ್ಲಿ ವಿಠೋಬ ಕೂತಿದ್ದ. ಅರ್ಧ ತೋಳಿನ ಅಂಗಿ, ಕೊರಳಲ್ಲಿ ಅಳತೆಯ ಟೇಪು, ಬರಿಗಾಲು. ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟು ಸಿಕ್ಕವನ ಹಾಗೆ ಹೊರಗೆ ನೋಡುತ್ತಿದ್ದ. ಅವನ ಸ್ವಂತ ಎಲೆಯಲ್ಲಿ ಹೊಲಿಗೆ ಯಂತ್ರವಿತ್ತು, ಸೂಜಿಯ ಕೆಳಗೆ ಶಾಲೆಯ ಮಕ್ಕಳ ಖಾಕಿ ಚಡ್ಡಿ ಅರ್ಧಕ್ಕೆ ನಿಂತಿತ್ತು, ಸ್ಟೂಲು ಖಾಲಿ. ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಂತೋಷ. ಊರಿನವರು ಏನೇ ಕೇಳಲಿ, ಕೂಟದ ನಿಯಮದ ಪ್ರಕಾರ ಆಸನ ಖಾಲಿ ಇಲ್ಲದಿದ್ದರೆ ಕಟ್ಟು ತುಂಬಿದ ಹಾಗೆ. ಕೂತವನು ಯಾರ ಮಗ ಎಂದು ಯಾರೂ ಕೇಳುವುದಿಲ್ಲ. ಟೀಚರ ಮುಖ ನೆನಪಾದದ್ದು ಆಮೇಲೆ.

ಅಕ್ಕ ಹೋಗಿ ಅವರನ್ನು ಕರೆತಂದಳು. ಟೀಚರು ಕನ್ನಡಕ ಹಾಕಿಕೊಂಡು ಎರಡೂ ಎಲೆಗಳನ್ನು ನೋಡಿದರು. ಮಕ್ಕಳ ಉತ್ತರಪತ್ರಿಕೆ ನೋಡುವಾಗಲೂ ಅವರ ಮುಖ ಹಾಗೆಯೇ ಇರುತ್ತಿತ್ತು, ಏನೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಖಾಲಿ ಎಲೆಯಲ್ಲಿ ಯಂತ್ರದ ಕೆಳಗೆ ಬೆರಳಿಟ್ಟು ತೋರಿಸಿದರು.

"ಚಪ್ಪಲಿ ಇಲ್ಲೇ ಬಿಟ್ಟಿದಾರೆ. ದೂರ ಹೋಗೋ ಮನಸ್ಸಿದ್ರೆ ಚಪ್ಪಲಿ ಬಿಡ್ತಿರ್ಲಿಲ್ಲ. ಬರ್ತಾರೆ."

ಹೋದವರನ್ನು ವಾಪಸ್ಸು ತರುವ ಕ್ರಮ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಎರಡು ಎಲೆಗಳನ್ನು ಮುಖಕ್ಕೆ ಮುಖ ಇಟ್ಟು, ಹತ್ತಿ ದಾರದಲ್ಲಿ ಸುತ್ತಿ, ಅಕ್ಕಿ ಡಬ್ಬದಲ್ಲಿ ಹುದುಗಿಸಿ ರಾತ್ರಿ ಬಿಡಬೇಕು. ಹಾಗೆಯೇ ಮಾಡಿದೆವು. ಬೆಳಿಗ್ಗೆ ತೆಗೆದರೆ ವಿಠೋಬ ಅಂಬಾರಿಯಲ್ಲೇ ಇದ್ದ. ಅಷ್ಟೇ ಅಲ್ಲ, ಕೈಗೆ ಕತ್ತರಿ ಬಂದಿತ್ತು. ರಾತ್ರಿ ತನ್ನ ಎಲೆಗೆ ಬಂದಿದ್ದಾನೆ, ಕತ್ತರಿ ಸೂಜಿ ದಾರ ಎತ್ತಿಕೊಂಡಿದ್ದಾನೆ, ಚಪ್ಪಲಿಯನ್ನು ಮೆಟ್ಟಿಕೊಂಡಿದ್ದಾನೆ, ಮತ್ತೆ ಹೋಗಿದ್ದಾನೆ. ಟೀಚರು ಚಪ್ಪಲಿ ಇದ್ದ ಜಾಗವನ್ನು ಬೆರಳಿನಿಂದ ಉಜ್ಜಿ ನೋಡಿದರು.

ಮತ್ತೆ ಹಾಗೆಯೇ ಕಟ್ಟಿಟ್ಟೆವು, ಮಾರನೆಯ ದಿನಕ್ಕೆ ಆನೆಯ ಜೂಲಿನ ಒಂದು ಮೂಲೆ ಇರಲಿಲ್ಲ. ಅದರ ಮಾರನೆಯ ದಿನ ಆ ಕೆಂಪು ಜರತಾರಿ ಒಂದು ತೋಳಾಗಿ ವಿಠೋಬನ ಮಡಿಲಲ್ಲಿತ್ತು. ಆಮೇಲೆ ಇನ್ನೊಂದು ತೋಳು. ಯಾವ ಕಾಲದ ಯಾವ ಚಿತ್ರಗಾರ ಕೂದಲಿನಷ್ಟು ತೆಳುವಾದ ಕುಂಚದಲ್ಲಿ ಬರೆದ ಜೂಲೋ ಅದು. ಅದನ್ನು ಈ ಮಹಾರಾಯ ಸಂತೆಯ ಅಗ್ಗದ ಚೀಟಿ ಬಟ್ಟೆಯ ಹಾಗೆ ಕತ್ತರಿಸಿ ತನಗೊಂದು ನಿಲುವಂಗಿ ಹೊಲಿದುಕೊಳ್ಳುತ್ತಿದ್ದ. ನನಗೆ ಹೊಟ್ಟೆ ಉರಿಯಿತು. ಆದರೂ ಎದ್ದು ಹೋಗು ಎಂದು ಅವನಿಗೆ ಹೇಳಲು ಮನಸ್ಸು ಬರಲಿಲ್ಲ, ಏಕೆಂದರೆ ಅವನು ಅಲ್ಲಿಂದ ಎದ್ದರೆ ನನ್ನ ಕಟ್ಟು ಮತ್ತೆ ಬರಿದು.

ಟೀಚರು ದಿನಾ ಬೆಳಿಗ್ಗೆ ಬರುತ್ತಿದ್ದರು. ದಾರ ಬಿಚ್ಚುವುದು ಅವರೇ. ಬೈಯುತ್ತಾರೇನೋ, ಅಳುತ್ತಾರೇನೋ ಎಂದು ಅಕ್ಕ ಕಾದಳು. ಅವರು ಹೊಲಿಗೆಯನ್ನು ನೋಡುತ್ತಿದ್ದರು. ಒಂದು ದಿನ, ಕಾಲರ್ ಚೆನ್ನಾಗಿ ಕೂರಿಸಿದ್ದಾರೆ ಎಂದರು, ಇಷ್ಟವಿಲ್ಲದೆ ಹೇಳಿದ ಹಾಗೆ. ನಿಮ್ಮವರು ಹಿಂದೆ ಇಂಥದ್ದು ಹೊಲಿದಿದ್ದರಾ ಎಂದು ಅಕ್ಕ ಕೇಳಿದಳು. ಇಂಥದ್ದು ಹೊಲಿಯುವುದಕ್ಕೆ ಒಮ್ಮೆ ಅವರನ್ನು ಕರೆದಿದ್ದರು ಎಂದು ಟೀಚರು ಹೇಳಲು ಶುರುಮಾಡಿದ್ದು ಆವತ್ತೇ.

ಮದುವೆಯಾದ ಹೊಸತರಲ್ಲಿ ಒಂದು ನಾಟಕದ ಕಂಪನಿ ಊರಿಗೆ ಬಂದು ಟೆಂಟು ಹಾಕಿತ್ತಂತೆ. ಅವರ ದರ್ಜಿಗೆ ಜ್ವರ ಬಂದು, ರಾಜನ ಪೋಷಾಕು ಹರಿದದ್ದನ್ನು ವಿಠೋಬನ ಹತ್ತಿರ ತಂದರು. ಅವನು ಅದನ್ನು ಹೊಲಿದುಕೊಟ್ಟ ರೀತಿ ನೋಡಿ ಕಂಪನಿಯ ಮಾಲೀಕರು, ನಮ್ಮ ಜೊತೆ ಬಂದುಬಿಡು, ಊರೂರು ನೋಡಬಹುದು, ಹೆಂಡತಿಗೂ ಇರಲು ಜಾಗ ಕೊಡುತ್ತೇವೆ ಎಂದರು. ಟೀಚರಿಗೆ ಆಗಷ್ಟೇ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ನಾನು ಬರುವುದಿಲ್ಲ, ಬೇಕಾದರೆ ನೀವು ಹೋಗಿ ಎಂದರಂತೆ. ವಿಠೋಬ ಹೋಗಲಿಲ್ಲ. ಇನ್ನೊಂದು ಸಲ ಆ ಮಾತು ಎತ್ತಲೂ ಇಲ್ಲ. ಬದುಕಿರುವ ತನಕ ಶಾಲೆಯ ಮಕ್ಕಳ ಚಡ್ಡಿ ಹೊಲಿದ.

"ಕೋಪ ಇತ್ತಾ ಅಂತ ನನಗೆ ಗೊತ್ತಾಗ್ಲೇ ಇಲ್ಲ ಭಾಗೀರಥಮ್ಮ," ಎಂದರು ಟೀಚರು. "ಊಟ ಬಡಿಸಿದ್ರೆ ಉಣ್ತಿದ್ರು. ಕರೆದ್ರೆ ಓ ಅಂತಿದ್ರು. ಇವತ್ತು ಕರೀತಿದೀನಿ, ಬರ್ತಿಲ್ಲ."

ನಮ್ಮೂರಿನಲ್ಲಿ ಒಂದು ಮಾತಿದೆ: ಎಲೆಯವರನ್ನು ಎಳೆದು ತರಲಾಗದು, ತಡೆದು ನಿಲ್ಲಿಸಲಾಗದು. ಆ ಮಾತನ್ನು ಯಾರೂ ಅವರ ಎದುರು ಆಡಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ. ಅವರೇ ಅದನ್ನು ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದಾರೋ.

ಕೂಟದ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ನಮ್ಮಕ್ಕನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ, ಅವಳು ಹೇಳಿಬಿಟ್ಟಳು. ಟೀಚರು ನೇರವಾಗಿ ನನ್ನ ಕಡೆ ತಿರುಗಿ, ನಿಮಗೆ ಅವರು ಅಲ್ಲೇ ಇರಲಿ ಅಂತ ಇದೆಯಾ ಎಂದು ಕೇಳಿದರು. ಇದೆ ಎಂದೆ. ಅವರಂಥವರ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಳ್ಳಲು ಆಗುವುದಿಲ್ಲ. ಆದರೆ ಅವರು ನಿಮ್ಮ ಮನೆಯವರು, ನೀವು ಹೇಳಿದ ಹಾಗೆ ಎಂದೂ ಸೇರಿಸಿದೆ. ಅವರು ತಲೆಯಾಡಿಸಿ, ಒಳ್ಳೆಯದು ಎಂದರು.

ಕೊನೆಗೆ ಅಕ್ಕನೇ ಉಪಾಯ ಹೇಳಿದಳು. ಉಪಾಯವೇನು ಬಂತು, ಊರಿನಲ್ಲಿ ನಡೆದುಬಂದದ್ದೇ. ಗುಲಾಮ ಹೋದರೆ ರಾಜನನ್ನು ಕಳಿಸುತ್ತಾರೆ, ರಾಜ ಹೋದರೆ ರಾಣಿಯನ್ನು ಕಳಿಸುತ್ತಾರೆ. ಹೋದವರ ಖಾಲಿ ಎಲೆಯನ್ನು ಇಡುವ ಬದಲು ಮನೆಯವರ ಎಲೆಯನ್ನು ಎದುರಿಗೆ ಇಡುವುದು. ಕರೆಯಲು ಹೋದವರು ಕೈ ಹಿಡಿದು ಕರೆದುಕೊಂಡೇ ಬರುತ್ತಾರೆ. ಬೆಳಿಗ್ಗೆ ಇಬ್ಬರೂ ಒಂದೇ ಎಲೆಯಲ್ಲಿರುತ್ತಾರೆ, ಆಮೇಲೆ ಅವರನ್ನು ಬೇರೆ ಬೇರೆ ಕೂರಿಸುವುದು ಕಷ್ಟವಲ್ಲ. ವೆಂಕಟಾಚಲಯ್ಯನವರ ಮನೆಯಲ್ಲಿ ಆಟೀನು ರಾಣಿ ಎರಡು ಸಲ ಹೀಗೆ ಹೋಗಿ ಗಂಡನನ್ನು ಕರೆದು ತಂದಿದ್ದಾಳೆ. ತಪ್ಪಿದ್ದು ಇಲ್ಲ ಎಂದಳು ಅಕ್ಕ.

ಟೀಚರು ತಕ್ಷಣ ಒಪ್ಪಲಿಲ್ಲ. ದರ್ಜಿಯ ಹೆಂಡತಿಯ ಎಲೆಯನ್ನು ತೆಗೆದು, ಇಟ್ಟು, ಮತ್ತೆ ತೆಗೆದರು. ಯಂತ್ರ, ಸ್ಟೂಲು ನೋಡಿ ಅವರು ಬರದಿದ್ದರೆ ಅದೊಂದು ತರಹ, ಇವಳ ಮುಖ ನೋಡಿಯೂ ಬರಲಿಲ್ಲವೆಂದರೆ ಆಮೇಲೆ ನಾನು ಯಾವ ಮುಖ ಇಟ್ಟುಕೊಂಡು ಓಡಾಡಲಿ ಎಂದರು. ಅಕ್ಕ ದಾರದ ಉಂಡೆ ತಂದು ಅವರ ಮುಂದೆ ಇಟ್ಟಳು. ಒಂದು ಸಂಜೆ ಇಡೀ ಹಾಗೆಯೇ ಕಳೆಯಿತು. ದೀಪ ಹಚ್ಚುವ ಹೊತ್ತಿಗೆ ಟೀಚರು ಆ ಎಲೆಯನ್ನು ಆನೆ ಎಲೆಯ ಮೇಲೆ ಇಟ್ಟು, ಕೂಡಿಸುವ ಮೊದಲು ಬಗ್ಗಿ, ಹೊಸಿಲ ಮೇಲೆ ನಿಂತ ಆ ಹೆಂಗಸಿಗೆ, ಅಂಗಡಿಗೆ ಮಗುವನ್ನು ಕಳಿಸುವ ಹಾಗೆ ಹೇಳಿದರು.

"ಜಗಳ ಆಡ್ಬೇಡ. ಹಳೇದೇನೂ ತೆಗೀಬೇಡ. ಊಟಕ್ಕೆ ಹೊತ್ತಾಯ್ತು ಅನ್ನು ಸಾಕು, ಬರ್ತಾರೆ. ಕೈ ಹಿಡ್ಕೊಂಡು ಕರ್ಕೊಂಡು ಬಾ."

ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಬೇರೆಯವರ ಮನೆಯ ಮಾತು ಕಿವಿಗೆ ಬೀಳುವಾಗ ಎಲ್ಲಿ ನೋಡಬೇಕು ಎಂದು ನನಗೆ ಇಂದಿಗೂ ತಿಳಿಯದು. ಟೀಚರು ದಾರ ಸುತ್ತಿದರು, ಗಂಟು ಹಾಕಿದರು, ತಾವೇ ಅಕ್ಕಿ ಡಬ್ಬದೊಳಗೆ ಮೊಣಕೈವರೆಗೆ ಕೈ ತೂರಿಸಿ ಎಲೆಗಳನ್ನು ಇಟ್ಟರು.

ಬೆಳಿಗ್ಗೆ ಅವರು ಬಂದಾಗ ಹೊಸ ಸೀರೆ ಉಟ್ಟಿದ್ದರು. ಅಕ್ಕ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಅಡುಗೆಮನೆಯ ಕಟ್ಟೆಯ ಮೇಲೆ ಎಲೆಗಳಿಗೆ ಅಂಟಿದ ಅಕ್ಕಿ ಕೊಡವಿ, ದಾರ ಬಿಚ್ಚಿ, ಟೀಚರು ಮೊದಲು ಹೆಂಡತಿಯ ಎಲೆಯನ್ನು ತಿರುಗಿಸಿದರು. ಇಬ್ಬರೂ ಅಲ್ಲಿರಬೇಕಾಗಿತ್ತು. ಒಬ್ಬರೂ ಇರಲಿಲ್ಲ. ಬಾಗಿಲು ತೆರೆದಿತ್ತು. ಪುಸ್ತಕ ಹೊಸಿಲ ಮೇಲೆ ಬೋರಲು ಬಿದ್ದಿತ್ತು, ಕೈಜಾರಿ ಬಿದ್ದ ಹಾಗಲ್ಲ, ಕೆಳಗೆ ಹಾಕಿ ಹೋದ ಹಾಗೆ.

ಆನೆ ಎಲೆಯನ್ನು ತಿರುಗಿಸಿದ್ದು ನಾನು. ವಿಠೋಬ ನಿಲುವಂಗಿಯನ್ನು ತೊಟ್ಟಿದ್ದ. ಅವಳು ಅಂಬಾರಿಯಲ್ಲಿ ಅವನ ಪಕ್ಕ ಒತ್ತಿಕೊಂಡು ಕೂತಿದ್ದಳು. ಇಬ್ಬರಿಗೆ ಜಾಗ ಸಾಲದು, ಹಾಗಾಗಿ ಅವಳ ಒಂದು ಕಾಲು ಆನೆಯ ಪಕ್ಕಕ್ಕೆ ಇಳಿಬಿದ್ದಿತ್ತು. ಉಳಿದ ಜರತಾರಿಯ ತುಂಡು ಅವಳ ತೊಡೆಯ ಮೇಲಿತ್ತು, ಅದರ ಒಂದು ಅಂಚನ್ನು ಅವಳು ಹಿಡಿದಿದ್ದಳು, ಇನ್ನೊಂದನ್ನು ಅವನು. ಅವಳು ಏನೋ ಹೇಳುತ್ತಿದ್ದಳು, ಬಾಯಿ ತೆರೆದಿತ್ತು. ಅವನು ಅವಳ ಕಡೆ ತಿರುಗಿ ನಗುತ್ತಿದ್ದ. ನಾನು ವಿಠೋಬನನ್ನು ಎಷ್ಟೋ ವರ್ಷ ನೋಡಿದವನು, ಅವನ ಹಲ್ಲು ಕಂಡದ್ದು ಅದೇ ಮೊದಲು.

ನನ್ನ ಕಟ್ಟಿನ ಕಥೆ ಅಲ್ಲಿಗೆ ಮುಗಿದಿತ್ತು. ಒಂದು ಆಸನದಲ್ಲಿ ಇಬ್ಬರು ಕೂತ ಎಲೆಯನ್ನು ಕೂಟದವರು ಬಿಳಿ ಬಟ್ಟೆಯ ಹತ್ತಿರವೂ ಸೇರಿಸುವುದಿಲ್ಲ. ಅದು ನನಗೆ ತಕ್ಷಣ ಹೊಳೆಯಿತು, ಆದರೆ ಅಂದುಕೊಂಡಷ್ಟು ನೋಯಲಿಲ್ಲ. ಇನ್ನೊಂದು ರಾತ್ರಿ ಇಟ್ಟು ನೋಡೋಣ, ಹಾದಿಯಲ್ಲಿ ತಡವಾಗಿರಬಹುದು ಎಂದು ಬಾಯಿಗೆ ಬಂದದ್ದು ಹೇಳಿದೆ. ಹೌದು ಹೌದು ಎಂದಳು ಅಕ್ಕ, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ.

ಟೀಚರು ಬೇಡ ಎಂದು ಕೈಯಾಡಿಸಿದರು. ಆನೆ ಎಲೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ಅದನ್ನು ಅವರಿಗೇ ಕೊಡುತ್ತೇನೆ ಎಂದೆ, ಮನಸ್ಸಿನಿಂದಲೇ ಹೇಳಿದೆ. ಮನೆಗೆ ಒಯ್ದರೆ ನಾನು ದಿನಾ ಕರೆಯುತ್ತಾ ಕೂರುತ್ತೇನೆ, ಇಲ್ಲೇ ಇರಲಿ ಎಂದರು. ಎಲೆಯನ್ನು ಮುಖ ಮೇಲಾಗಿ ಕಟ್ಟೆಯ ಮೇಲೆ ಇಟ್ಟು, ಅದರ ಮೇಲೆ ಎಣ್ಣೆ ಕಾಗದವನ್ನು ತಾವೇ ಮುಚ್ಚಿದರು.

"ಅವಳನ್ನ ಬರೆದೋಳು ನಾನು," ಎಂದರು. "ಆಗಿನ ನನ್ನ ವಯಸ್ಸೇ, ನನ್ನ ಸೀರೆಯೇ, ಆಗಷ್ಟೇ ಕೆಲಸ ಸಿಕ್ಕಿದ್ದೋಳು. ಪುಸ್ತಕ ಕೆಳಗೆ ಹಾಕಿ ಹೋದ್ಲು ನೋಡಿ."

ಅಕ್ಕ ಕಾಫಿ ತಂದುಕೊಟ್ಟಳು. ಟೀಚರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು, ಕುಡಿಯಲಿಲ್ಲ. ಹೊರಗೆ ಶಾಲೆಗೆ ಹೋಗುವ ಮಕ್ಕಳು ಗಲಾಟೆ ಮಾಡಿಕೊಂಡು ಹಾದುಹೋದರು. ಟೀಚರು ಆ ಕಡೆ ತಿರುಗಿಯೂ ನೋಡಲಿಲ್ಲ.

"ಆ ನಾಟಕದ ಕಂಪನಿ ಇಲ್ಲಿಂದ ಯಾವ ಊರಿಗೆ ಹೋಗೋದಿತ್ತು ಅಂತ," ಎಂದರು, "ನಾನು ಅವರನ್ನ ಒಂದು ದಿನಾನೂ ಕೇಳ್ಲಿಲ್ಲ."